ಹಾಲುಪಟ್ಟಿ

ಮಾತು ಕೊಟ್ಟಿದ್ದು ಶಾಲೆಯ ಗ್ಯಾದರಿಂಗಿನ ಮರುದಿನ ಬೆಳಿಗ್ಗೆ. ಇಂಚರಾಳಿಗೆ ಆಗ ಎಂಟು ವರ್ಷ. ಹಿಂದಿನ ಸಂಜೆ ನವಿಲಿನ ವೇಷ ಹಾಕಿ ಕುಣಿದಿದ್ದಳು. ನೋಡಲು ಬಂದವಳು ಅಜ್ಜಿ ಮಾತ್ರ. ಅವ್ವ ತೇಜಸ್ವಿನಿ ಧಾರವಾಡದ ತನ್ನ ಪ್ರಯೋಗಾಲಯದಲ್ಲಿ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೊಬ್ಬಿನ ಕೋಶಗಳು ಸಾಯದಂತೆ ಕಾಯುತ್ತ ಕುಳಿತಿದ್ದಳು. ಗಂಡ ತೀರಿಕೊಂಡ ಮೇಲೆ ಸಂಸಾರದ ನೊಗ ಅವಳೊಬ್ಬಳ ಹೆಗಲ ಮೇಲೆಯೇ ಇತ್ತು. ಬೆಳಿಗ್ಗೆ ಮಗಳ ತಲೆ ಬಾಚುತ್ತ ಏನೋ ಸಮಾಧಾನ ಹೇಳಹೊರಟರೆ ಹುಡುಗಿ ದೊಡ್ಡವರ ಹಾಗೆ ಕೈ ಅಡ್ಡ ಮಾಡಿದಳು.

ಆ ದಿನಗಳಲ್ಲಿ ಮನೆಯೊಳಗೆ ಚಿಗವ್ವನ ಬಾಣಂತನ ನಡೆದಿತ್ತು. ಅಜ್ಜಿ ಶಾಂತವ್ವ ಆ ಒಂದು ಕೋಣೆಗೆ ಅಂಟಿಕೊಂಡು, ಬಾಣಂತಿ ಕೂಗುವ ಮೊದಲೇ ಎದ್ದು ಹೋಗುವುದನ್ನು ಹುಡುಗಿ ನೋಡುತ್ತಿದ್ದಳು.

“ಗ್ಯಾದರಿಂಗಿಗೆ ಬರದಿದ್ರ ಬಿಡು,” ಅಂದಳು. “ಆದ್ರ ನನ್ನ ಬಾಣಂತನ ನೀನ ಮಾಡಬೇಕು. ಅಜ್ಜಿ ಮಾಡಾಕತ್ಯಾಳಲ್ಲ, ಹಂಗ.”

ತೇಜಸ್ವಿನಿಗೆ ನಗು ತಡೆಯಲಾಗಲಿಲ್ಲ. “ಮಾಡ್ತೀನಿ.”

“ರಜಾ ಹಾಕಿ?”

“ರಜಾ ಹಾಕಿ.”

“ನಡುವ ಲ್ಯಾಬಿಂದ ಫೋನ್ ಬಂದ್ರ?”

“ಎತ್ತಂಗಿಲ್ಲ.”

ಹುಡುಗಿ ಅಷ್ಟಕ್ಕೆ ಒಪ್ಪಿ ಜಡೆ ಹೆಣೆಯಲು ತಲೆ ಕೊಟ್ಟಳು.

ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಡಾ. ತೇಜಸ್ವಿನಿ ಅಂಗಡಿ ಎಂಬ ಹೆಸರು ನಾಡಿನ ಹೆರಿಗೆ ಆಸ್ಪತ್ರೆಗಳಲ್ಲೆಲ್ಲ ಕೇಳಿಬರುತ್ತಿತ್ತು. ಅದಕ್ಕೆ ಕಾರಣವಾದ ವಸ್ತು ನೋಡಲು ಏನೇನೂ ಅಲ್ಲ. ಒಮ್ಮೆ ಧಾರವಾಡದ ಆಸ್ಪತ್ರೆಯಲ್ಲಿ, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ವಾರ್ಡಿಗೆ ನವಲಗುಂದದ ಕಡೆಯ ಒಬ್ಬ ಬಾಣಂತಿ ಬಂದಿದ್ದಳು. ಅವಳ ಕೂಸು ಅಂಗೈಗಿಂತ ಸ್ವಲ್ಪ ದೊಡ್ಡದು. ಹಾಲೇನೋ ಬರುತ್ತಿತ್ತು, ಆದರೆ ಅಕ್ಕಿ ತೊಳೆದ ನೀರಿನಷ್ಟು ತೆಳು. ನರ್ಸು ಅವಳ ತೊಡೆಯ ಹೊರಮಗ್ಗುಲು ಒರೆಸಿ ವೀಳ್ಯದೆಲೆಯಷ್ಟು ಅಗಲದ, ಚರ್ಮದ ಬಣ್ಣದ ಒಂದು ಪಟ್ಟಿ ಅಂಟಿಸಿದಳು. ಅದರ ಒಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳು. ಬಾಣಂತಿಗೆ ಇರುವೆ ಕಚ್ಚಿದಷ್ಟೂ ನೋವಾಗಲಿಲ್ಲ. ಮೂರನೆಯ ದಿನ ಅವಳ ಹಾಲನ್ನು ಲೋಟದಲ್ಲಿ ಹಿಂಡಿಟ್ಟಾಗ ಮೇಲೆ ತೆಳ್ಳಗೆ ಕೆನೆ ಕಟ್ಟಿತ್ತು. ನರ್ಸು ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಸುತ್ತಲಿನ ಬಾಣಂತಿಯರಿಗೆಲ್ಲ ತೋರಿಸಿದಳು. ಕಾಗದಪತ್ರಗಳಲ್ಲಿ ಪಟ್ಟಿಗೆ ಉದ್ದದ ಹೆಸರೊಂದಿತ್ತು. ಹೆಂಗಸರು ಅದನ್ನು ಹಾಲುಪಟ್ಟಿ ಎಂದೇ ಕರೆದರು.

ಅದು ಮಾಡುವ ಕೆಲಸವನ್ನು ವಿದ್ಯಾರ್ಥಿಗಳಿಗೆ ವಿವರಿಸುವಾಗ ತೇಜಸ್ವಿನಿ ಹಗೇವಿನ ಮಾತು ತೆಗೆಯುತ್ತಿದ್ದಳು. ಹಿಂದೆ ಊರುಗಳಲ್ಲಿ ನೆಲ ತೋಡಿ, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತಿಡುತ್ತಿದ್ದರಲ್ಲ, ಕೊಬ್ಬಿನ ಕೋಶ ಅಂಥದೊಂದು ಹಗೇವು. ಉಂಡ ಮೇಲೆ ರಕ್ತದಲ್ಲಿ ಏರುವ ಇನ್ಸುಲಿನ್ ಎಂಬ ಹಾರ್ಮೋನು ಅದರ ಬಾಯಿ ಮೆತ್ತುತ್ತದೆ. ಹಸಿವೆಯೋ ದುಡಿತವೋ ಭಯವೋ ಬಂದಾಗ ಅಡ್ರಿನಲಿನ್ನಿನಂಥ ಹಾರ್ಮೋನುಗಳು ಬಂದು ಬಾಗಿಲು ಬಡಿಯುತ್ತವೆ. ಅವು ಒಳಗೆ ಕಾಲಿಡುವುದಿಲ್ಲ. ಹೊರಗೋಡೆಯ ಮೇಲೆ ಸುದ್ದಿ ಹಿಡಿಯಲೆಂದೇ ಇರುವ ಗ್ರಾಹಕವೊಂದನ್ನು ಮುಟ್ಟಿ ಸುದ್ದಿ ಹೇಳುತ್ತವೆ. ಒಳಗೆ ಆ ಸುದ್ದಿ ಕೈಯಿಂದ ಕೈಗೆ ದಾಟಿ, ಸುಮ್ಮನಿದ್ದ ಕಿಣ್ವಗಳನ್ನು ಎಬ್ಬಿಸುತ್ತದೆ. ಕಿಣ್ವಗಳು ಕೊಬ್ಬನ್ನು ತುಂಡರಿಸಿ ರಕ್ತಕ್ಕೆ ಬಿಡುತ್ತವೆ.

ಹೆಣ್ಣಿನ ಸೊಂಟ, ತೊಡೆಗಳ ಹಗೇವು ಮಾತ್ರ ಅಷ್ಟು ಸುಲಭಕ್ಕೆ ಬಾಯಿ ಬಿಡುವಂಥದಲ್ಲ. ಓಡಿದರೂ ಉಪವಾಸ ಬಿದ್ದರೂ ಜಗ್ಗುವುದಿಲ್ಲ. ಅದು ಕಾಯುವುದು ಕೂಸಿಗಾಗಿ. ಮೊಲೆಯೂಡುವ ಕಾಲ ಬಂದಾಗ ಸಡಿಲಗೊಂಡು, ಕೂಸಿನ ಮಿದುಳು ಬೆಳೆಯಲು ಬೇಕಾದ ಕೊಬ್ಬನ್ನು ಹಾಲಿಗೆ ಕಳಿಸುತ್ತದೆ. ಕೂಸು ಅವಸರಪಟ್ಟು ಹುಟ್ಟಿಬಿಟ್ಟರೆ ತಾಯಿಯ ಮೈಗೆ ಆ ಸುದ್ದಿ ಇನ್ನೂ ತಲುಪಿರುವುದಿಲ್ಲ. ತೇಜಸ್ವಿನಿ ಮಾಡಿದ್ದು ಇಷ್ಟೇ: ಆ ಸುದ್ದಿಯನ್ನು ಹೇಳಬಲ್ಲ, ತೊಡೆಯ ಕೋಶಗಳು ಮಾತ್ರ ಗುರುತಿಸಬಲ್ಲ ಒಂದು ಹಾರ್ಮೋನನ್ನು ಕಟ್ಟಿದಳು. ಪಟ್ಟಿ ಅದನ್ನು ಚರ್ಮದ ಕೆಳಗೆ ಹನಿಹನಿಯಾಗಿ ಬಿಡುತ್ತಿತ್ತು. ಇಷ್ಟಕ್ಕೆ ಅವಳ ಅರ್ಧ ಆಯುಷ್ಯ ಹಿಡಿದಿತ್ತು.

ಪ್ರಯೋಗಗಳೆಲ್ಲ ನಡೆದದ್ದು ಆಸ್ಪತ್ರೆಯ ತಣ್ಣನೆಯ ವಾರ್ಡುಗಳಲ್ಲಿ. ಒಂದು ಸಣ್ಣ ಮುಳ್ಳು ಮಾತ್ರ ಉಳಿದಿತ್ತು. ಮನೆಗೆ ಹೋದ ಮೇಲೆ ಇಬ್ಬರು ಬಾಣಂತಿಯರು ವಾಂತಿ, ಸುಸ್ತು ಎಂದು ಆಸ್ಪತ್ರೆಗೆ ಮರಳಿದ್ದರು. ಅವರ ರಕ್ತದಲ್ಲಿ ಕೀಟೋನ್ ಏರಿತ್ತು. ರಕ್ತಕ್ಕೆ ಬಂದ ಕೊಬ್ಬು ಹಾಲಿಗೆ ಹೋಗುವುದಕ್ಕಿಂತ ಹೆಚ್ಚಾದಾಗ ಯಕೃತ್ತು ಅದನ್ನು ಸುಟ್ಟು ಕೀಟೋನ್ ಎಂಬ ಹುಳಿ ಪದಾರ್ಥ ಮಾಡುತ್ತದೆ; ಅತಿಯಾದರೆ ರಕ್ತವೇ ಹುಳಿಯಾಗುತ್ತದೆ. ವಾರ್ಡಿನಲ್ಲಿ ಮಲಗಿಸಿದ ಮರುದಿನವೇ ಇಬ್ಬರೂ ಹುಷಾರಾದರು. ಸರಿಯಾಗಿ ಉಂಡಿರಲಿಕ್ಕಿಲ್ಲ ಎಂದುಕೊಂಡು ತೇಜಸ್ವಿನಿ ಆ ವಿಷಯ ಅಲ್ಲಿಗೆ ಬಿಟ್ಟಿದ್ದಳು.

ಇಂಚರಾಳನ್ನು ಹುಬ್ಬಳ್ಳಿಗೆ ಕೊಟ್ಟಿತ್ತು. ಮೊದಲ ಬಾಣಂತನ ತವರಿನದು. ಅದಕ್ಕೆಂದೇ ತೇಜಸ್ವಿನಿ ಮೂರು ತಿಂಗಳ ರಜೆ ಬರೆದುಕೊಟ್ಟಿದ್ದಳು. ಬಾಣಂತಿಗೆ ತಿನ್ನಿಸಲು ಅಳವಿ, ಅಂಟು, ಉತ್ತತ್ತಿ, ಕೊಬ್ಬರಿ ತಂದು ಡಬ್ಬಿಗಳಲ್ಲಿ ತುಂಬಿಸಿಟ್ಟಿದ್ದಳು. ಅಂಟಿನ ಉಂಡಿ ಕಟ್ಟಲು ಬಾರದೆ ಎರಡು ಸಲ ಪಾಕ ಕೆಡಿಸಿ, ಕೆಟ್ಟದ್ದನ್ನು ತಾನೇ ತಿಂದಿದ್ದಳು. ಆದರೆ ಕೂಸು ಎಂಟನೆಯ ತಿಂಗಳಿಗೇ ಹುಟ್ಟಿತು. ಹೆಣ್ಣುಕೂಸು. ಹಾಲು ತೆಳುವಾಗಿತ್ತು. ಮಗಳ ತೊಡೆಗೆ ಪಟ್ಟಿಯನ್ನು ತೇಜಸ್ವಿನಿ ತನ್ನ ಕೈಯಾರೆ ಅಂಟಿಸಿದಳು. ಇಂಚರಾ ಅದನ್ನು ನೋಡಿಕೊಂಡು, ಅವ್ವ ಇಷ್ಟು ವರ್ಷ ಮನೆಗೆ ತಡವಾಗಿ ಬಂದದ್ದು ಇದಕ್ಕೇನು ಎಂದು ಕೇಳಿ ನಕ್ಕಳು.

ಕೂಸು ಚೇತರಿಸಿಕೊಂಡು ಇನ್ನೇನು ಮನೆಗೆ ಕರೆದೊಯ್ಯಬೇಕು ಅನ್ನುವಾಗ ದಿಲ್ಲಿಯಿಂದ ಕರೆ ಬಂತು. ಹಾಲುಪಟ್ಟಿಯನ್ನು ದೇಶದ ಎಲ್ಲ ಸರಕಾರಿ ಆಸ್ಪತ್ರೆಗಳಿಗೂ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ಸಮಿತಿ ಕೂಡಲಿತ್ತು. ಈ ಸಲ ತಪ್ಪಿದರೆ ಮತ್ತೆ ಒಂದು ವರ್ಷ. ಆ ಒಂದು ವರ್ಷದಲ್ಲಿ ಎಷ್ಟು ಕೂಸುಗಳು ಹೋಗುತ್ತವೆಂಬುದು ಅವಳಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಒಂದೇ ವಾರ ಅಂದಳು. ಬಾಣಂತಿಯನ್ನು ತನ್ನ ಮನೆಗೆ ಕರೆದೊಯ್ಯುತ್ತೇನೆಂದು ಬೀಗತಿ ಸುವರ್ಣಾ ಮುಂದೆ ಬಂದರು. ಅವರು ಇಡೀ ಬಳಗಕ್ಕೆ ಬಾಣಂತನ ಮಾಡಿ ಕೈ ಪಳಗಿದ ಹೆಂಗಸು. ಮಾತು ಸ್ವಲ್ಪ ಚುರುಕು.

“ಹೋಗಿ ಬರ್ರಿ ಬೀಗರ,” ಅಂದರು. “ನಾಡಿನ ಬಾಣಂತ್ಯಾರೆಲ್ಲ ನಿಮ್ಮ ಮಕ್ಕಳ ಅಲ್ಲೇನು. ಅವರೊಳಗ ಒಬ್ಬಾಕಿನ್ನ ನಾ ನೋಡಕೊಂಡ್ರ ಏನಾತು.”

ಚುಚ್ಚಿದ್ದು ನಾಟಿತು. ಇಂಚರಾ ನಡುವೆ ಬಂದು ಅದನ್ನು ನಗೆಯಲ್ಲಿ ತೇಲಿಸಿದಳು. “ಅತ್ತಿದು ಟ್ರಯಲ್ ಅವ್ವಾ. ಅಸಲಿ ಬಾಣಂತನ ನೀ ಬಂದ ಮ್ಯಾಲ. ಮಾತು ಕೊಟ್ಟೀ, ನೆನಪೈತಿಲ್ಲೋ?”

ನೆನಪಿದೆ ಎಂದು ತೇಜಸ್ವಿನಿ ಮಗಳ ಹಣೆ ಸವರಿದಳು.

ದಿಲ್ಲಿಯಲ್ಲಿ ವಾರ ಮುಗಿದರೂ ಸಮಿತಿ ಮುಗಿಯಲಿಲ್ಲ. ಒಂದು ಪ್ರಶ್ನೆಗೆ ಉತ್ತರ ಕೊಟ್ಟರೆ ಇನ್ನೆರಡು ಹುಟ್ಟುತ್ತಿದ್ದವು. ದಿನಾ ಸಂಜೆ ತೇಜಸ್ವಿನಿ ಅತಿಥಿಗೃಹದ ಕೋಣೆಯಿಂದ ಮಗಳಿಗೆ ಫೋನು ಮಾಡುತ್ತಿದ್ದಳು. ಗೋಡೆಯ ತೆರೆಯ ಮೇಲೆ ಮೊದಲು ಕೂಸು ಕಾಣುತ್ತಿತ್ತು, ಕೆನ್ನೆ ತುಂಬಿಕೊಳ್ಳುತ್ತಿರುವ ಕೂಸು. ಆಮೇಲೆ ಇಂಚರಾಳ ಮುಖ, ಅದೂ ಮುಖವಷ್ಟೇ, ಬಹಳ ಹತ್ತಿರದಿಂದ. ಹಣೆಯ ಮೇಲೆ ಬೆವರು ಸಾಲುಗಟ್ಟಿರುತ್ತಿತ್ತು. ಹುಬ್ಬಳ್ಳಿಯ ಏಪ್ರಿಲ್ ಅಲ್ಲವೇ ಎಂದುಕೊಂಡಳು. ಮಗಳ ಗಲ್ಲ ಇಳಿದದ್ದೂ ಕಂಡಿತ್ತು. ತೊಡೆಯ ಕೊಬ್ಬು ಕರಗುವುದು ಪಟ್ಟಿಯ ಗುಣವೇ ಆದ್ದರಿಂದ ಅದೂ ಸರಿಯಾಗಿಯೇ ಇತ್ತು. ಕೂಸಿನ ತೂಕದ ಏರಿಕೆ ಎಷ್ಟು ಚಂದವಿತ್ತೆಂದರೆ, ಹೆಸರು ಮರೆಮಾಚಿ ಅದರ ರೇಖೆಯನ್ನೇ ಸಮಿತಿಯ ಮುಂದಿಟ್ಟಳು. ಅಧ್ಯಕ್ಷರು ಕನ್ನಡಕ ತೆಗೆದು ಮೆಚ್ಚಿಕೊಂಡರು.

ಒಂದು ಸಂಜೆ ಇಂಚರಾ ಮಲಗಿದ್ದಾಳೆಂದು ಸುವರ್ಣಾ ಅವರೇ ಮಾತಾಡಿದರು. “ಅಳವಿ ಪಾಯಸ ಮುಟ್ಟವಲ್ಲಳು ಬೀಗರ. ಹಸಿವ ಇಲ್ಲಂತ. ಎರಡು ಮಾತಾಡೂದ್ರಾಗ ನಿದ್ದಿಗೆ ಬೀಳ್ತಾಳ. ಆಕಿ ಮಲಗೂ ಕ್ವಾಣಿ ಮಾತ್ರ ಹಣ್ಣಿನ ಬುಟ್ಟಿ ಇಟ್ಟಂಗ ಘಮಾಘಮಾ ಅಂತೈತಿ ನೋಡ್ರಿ. ಕೂಸಿನ ಕಾಲ್ಗುಣ.”

ತೇಜಸ್ವಿನಿ ನಕ್ಕಳು. ಬಾಣಂತಿಗೆ ನಿದ್ದೆ ಒಳ್ಳೆಯದು, ಎಬ್ಬಿಸಬೇಡಿ ಅಂದಳು. ಅವಳ ಮುಂದೆ ಮರುದಿನದ ಕೆಲಸ ಹರಡಿಕೊಂಡಿತ್ತು.

ಸಮಿತಿ ಒಪ್ಪಿಗೆ ಕೊಟ್ಟಿತು. ಮರುದಿನ ಬೆಳಿಗ್ಗೆ ಬೇರೆ ಬೇರೆ ರಾಜ್ಯಗಳಿಂದ ಬಂದ ನರ್ಸುಗಳಿಗೆ ಅವಳ ಪಾಠ. ಪಟ್ಟಿ ಎಲ್ಲಿ ಅಂಟಿಸಬೇಕು, ಯಾವಾಗ ಬದಲಿಸಬೇಕು ಎಂದೆಲ್ಲ ಹೇಳಿ, ಕೊನೆಗೆ ಅಪಾಯದ ಗುರುತುಗಳಿಗೆ ಬಂದಳು. ಅಪರೂಪಕ್ಕೆ ಕೊಬ್ಬು ಮಿತಿಮೀರಿ ಕರಗಬಹುದು, ಅಂದಳು. ಆಗ ತಾಯಿಗೆ ಹಸಿವೆ ಸಾಯುತ್ತದೆ, ಮಂಪರು ಕವಿಯುತ್ತದೆ. ಕೀಟೋನಿನ ಒಂದು ಅಂಶ ಉಸಿರಿನಲ್ಲಿ ಹೊರಬರುವುದರಿಂದ ಬಾಯಿಂದ ಮಾಗಿದ ಹಣ್ಣಿನ ವಾಸನೆ—

ಅಲ್ಲಿಗೆ ನಿಂತಳು. ನರ್ಸುಗಳು ಪೆನ್ನು ಹಿಡಿದು ಕಾಯುತ್ತಿದ್ದರು. ಅವಳು ವೇದಿಕೆಯಿಂದ ಇಳಿದು ಬಾಗಿಲ ಹೊರಗೆ ಬಂದು ಹುಬ್ಬಳ್ಳಿಗೆ ಫೋನು ಮಾಡಿದಳು. ಸುವರ್ಣಾ ಎತ್ತಿದರು.

“ಎಬ್ಬಿಸಿದ್ರ ಏಳವಲ್ಲಳ್ರೀ ಬೀಗರ.”

ಪಟ್ಟಿ ಕಿತ್ತು ಹಾಕಿ, ಈಗಿಂದೀಗ ಆಸ್ಪತ್ರೆಗೆ ಒಯ್ಯಿರಿ, ಸಕ್ಕರೆ ನೀರಿನ ಡ್ರಿಪ್ಪು, ಇನ್ಸುಲಿನ್ ಕೊಡಲು ಹೇಳಿ ಎಂದು ತೇಜಸ್ವಿನಿ ಒಂದೇ ಉಸಿರಿನಲ್ಲಿ ಹೇಳಿದಳು. ಹಗೇವಿನ ಬಾಯಿ ಮತ್ತೆ ಮೆತ್ತಬಲ್ಲದ್ದು ಇನ್ಸುಲಿನ್ ಒಂದೇ. ಅಳಿಯ ಶ್ರೇಯಸ್ ಹೆಂಡತಿಯನ್ನು ಎತ್ತಿಕೊಂಡು ಮಹಡಿ ಇಳಿದ. ಆಸ್ಪತ್ರೆಯವರು ಎಲ್ಲವನ್ನೂ ಮಾಡಿದರು. ಆದರೆ ರಕ್ತ ಹುಳಿಯಾಗಿ ಬಹಳ ಹೊತ್ತಾಗಿತ್ತು. ತೇಜಸ್ವಿನಿಯ ವಿಮಾನ ಹುಬ್ಬಳ್ಳಿಯಲ್ಲಿ ಇಳಿಯುವ ಮೊದಲೇ ಇಂಚರಾಳ ಹೃದಯ ನಿಂತಿತು.

ಮಣ್ಣು ಮಾಡಿ ಬಂದ ಮೂರನೆಯ ದಿನ ತೇಜಸ್ವಿನಿ ಬೀಗರ ಮನೆಯ ಬಾಣಂತಿ ಕೋಣೆಗೆ ಹೋದಳು. ಏಳನೆಯ ಮಹಡಿಯ ಮನೆಯ ಹಿಂದಿನ ಕೋಣೆ. ಬಾಗಿಲು ತೆರೆದವಳು ಅಲ್ಲೇ ನಿಂತುಬಿಟ್ಟಳು. ನಡುವೆ ನೂಲಿನ ಪಟ್ಟಿ ಹೆಣೆದ ಹೊರಸು. ಇಂಥವನ್ನು ಬಾಣಂತಿಯರಿಗೆಂದೇ ಬಾಡಿಗೆಗೆ ಕೊಡುವವರು ಹುಬ್ಬಳ್ಳಿಯಲ್ಲಿ ಇನ್ನೂ ಇದ್ದರು. ಹೊರಸಿನ ಕೆಳಗೆ ಕೆಂಡ ತುಂಬುವ ಅಗ್ಗಿಷ್ಟಿಗಿ, ಅದರ ತುಂಬ ಬೂದಿ. ಮೂಲೆಯಲ್ಲಿ ಸೆಗಣಿ ಕುಳ್ಳಿನ ಚೀಲ. ಕಿಟಕಿಯ ಸಂದುಗಳಿಗೆ ಗಾಳಿಯಾಡದಂತೆ ಹಳೆಯ ಸೀರೆ ತುರುಕಿತ್ತು. ಹೊಗೆ ಕಂಡರೆ ಇಡೀ ಕಟ್ಟಡಕ್ಕೆ ಕೂಗಿ ಹೇಳುವ ಚಾವಣಿಯ ಯಂತ್ರಕ್ಕೆ ಒದ್ದೆ ಟವೆಲು ಬಿಗಿದು ಕಟ್ಟಿತ್ತು.

ಬಾಣಂತಿಯ ಮೈ ಕಾಸುವುದು. ನೀರು ಎರೆದ ಮೇಲೆ ಹೊರಸಿನ ಮೇಲೆ ಮಲಗಿಸಿ, ಕೆಳಗೆ ಕೆಂಡವಿಟ್ಟು, ಮೇಲೆ ಕಂಬಳಿ ಹೊದಿಸಿ, ಬೆವರು ಇಳಿದು ಹೋಗುವ ತನಕ ಬಿಡುವುದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಕೆಂಡದ ಕಾವು ಮೊದಲು ತಾಕುವುದು ಸೊಂಟಕ್ಕೆ, ತೊಡೆಗೆ. ಚರ್ಮ ಕಾದಾಗ ಅದರ ಕೆಳಗಿನ ರಕ್ತನಾಳಗಳು ಅರಳುತ್ತವೆ. ಪಟ್ಟಿ ಹನಿಹನಿಯಾಗಿ ಕೊಡಬೇಕಾದದ್ದನ್ನು ಮೈ ಬೊಗಸೆಯಲ್ಲಿ ಕುಡಿಯುತ್ತದೆ. ಬಾಣಂತಿಯರ ಕೈಗೆ ಕೊಡುವ ತಿಳಿವಳಿಕೆಯಲ್ಲಿ ಪಟ್ಟಿಗೆ ಬಿಸಿ ತಾಗಿಸಬಾರದು ಎಂಬ ಮಾತೂ ಇತ್ತು. ಸುವರ್ಣಾ ಅದನ್ನು ಮರೆತಿರಲಿಲ್ಲ. ಕಾಸುವ ಮೊದಲು ಪಟ್ಟಿಯ ಮೇಲೆ ನಾಲ್ಕು ಮಡಿಕೆಯ ಅರಿವೆ ಕಟ್ಟುತ್ತಿದ್ದರು. ಅರಿವೆ ಮಾಡಿದ್ದು, ಆರಿಹೋಗಬೇಕಿದ್ದ ಕಾವನ್ನು ಅಲ್ಲೇ ಹಿಡಿದಿಟ್ಟ ಕೆಲಸ.

ಫೋನಿನಲ್ಲಿ ಮುಖವನ್ನಷ್ಟೇ ತೋರಿಸಿದ್ದು ಇದಕ್ಕೆ. ಅವ್ವಗ ಹೇಳಬ್ಯಾಡ್ರಿ ಅತ್ತಿ, ಡಾಕ್ಟರ ಬುದ್ಧಿ, ಬೈತಾಳ ಎಂದು ಇಂಚರಾಳೇ ಅಂದಿದ್ದಳಂತೆ. ಕೆಂಡದ ಕಾವಿಗೆ ಬೆನ್ನಿನ ನೋವು ಇಳಿದು ಹಾಯೆನಿಸುತ್ತದೆ ಎಂದೂ ಅಂದಿದ್ದಳಂತೆ.

ತೇಜಸ್ವಿನಿ ಹೊರಸಿನ ಅಂಚಿಗೆ ಕುಳಿತಳು. ಕುಳಿತ ಕೂಡಲೇ ಮೈಗೆ ಎಲ್ಲ ನೆನಪಾಯಿತು. ಇಂಚರಾ ಹುಟ್ಟಿದಾಗ ಅವಳೂ ಇಂಥದೇ ಹೊರಸಿನ ಮೇಲೆ ಮಲಗಿದ್ದಳು. ಅವ್ವ ಶಾಂತವ್ವ ಕೆಂಡ ಕೆದಕುತ್ತ, ಅದು ಇದು ಮಾತಾಡುತ್ತ ಪಕ್ಕದಲ್ಲೇ ಕೂತಿರುತ್ತಿದ್ದಳು. ಆಸ್ಪತ್ರೆಗೆ ತೋರಿಸಲು ಹೋದಾಗ ಡಾಕ್ಟರು, ಮನೆಯಲ್ಲಿ ಮೈ ಕಾಸುತ್ತಾರೇನು ಎಂದು ಕೇಳಿದ್ದರು. ಇಲ್ಲ ಅಂದಿದ್ದಳು. ವಿಜ್ಞಾನ ಓದಿದವಳು, ಹೌದು ಅನ್ನಲು ನಾಚಿಕೆ. ಅವ್ವನ ಕೈ ಬಿಡಿಸಲೂ ಮನಸ್ಸಿರಲಿಲ್ಲ. ತನ್ನ ಪ್ರಯೋಗದ ಬಾಣಂತಿಯರಿಗೆ ಏನು ಉಂಡಿರಿ, ಯಾವ ಮಾತ್ರೆ ನುಂಗಿದಿರಿ, ಎಷ್ಟು ಮಲಗಿದಿರಿ ಎಂದೆಲ್ಲ ಕೇಳಿಸಿದವಳು ಈ ಒಂದನ್ನು ಕೇಳಿಸಿರಲಿಲ್ಲ. ಈ ಕಾಲದಲ್ಲಿ ಯಾರು ಮಾಡುತ್ತಾರೆ ಎಂದುಕೊಂಡಿದ್ದಳು.

ಹಾಲುಪಟ್ಟಿಯ ಹಂಚಿಕೆ ನಿಂತಿತು. ನಿಲ್ಲಿಸಿ ಎಂದು ಬರೆದುಕೊಟ್ಟವಳು ಅವಳೇ. ಆಮೇಲೆ ಒಂದು ವರ್ಷ ಧಾರವಾಡ, ಗದಗ, ಬಾಗಲಕೋಟೆಯ ಮನೆಗಳನ್ನು ಸುತ್ತಿದಳು. ಡಾಕ್ಟರು ಎಂದು ಹೇಳಿಕೊಂಡರೆ ಕೋಣೆಯ ಬಾಗಿಲು ಮುಚ್ಚುತ್ತಿತ್ತು. ಮಗಳ ಕತೆ ಹೇಳಿದರೆ ತೆರೆಯುತ್ತಿತ್ತು. ಹತ್ತು ಬಾಣಂತಿಯರಲ್ಲಿ ಆರೇಳು ಮಂದಿ ಕೆಂಡ, ಅದಿಲ್ಲದಿದ್ದರೆ ಬಿಸಿಗಾಳಿಯ ಪೆಟ್ಟಿಗೆ, ಅದೂ ಇಲ್ಲದಿದ್ದರೆ ಕರೆಂಟಿನ ಹಾಸಿಗೆ ಎಂದು ಹೇಗೋ ಮೈ ಕಾಸಿಕೊಳ್ಳುತ್ತಿದ್ದರು. ಹಿಂದೆ ವಾಂತಿ, ಸುಸ್ತು ಎಂದು ವಾರ್ಡಿಗೆ ಮರಳಿದ್ದ ಆ ಇಬ್ಬರು ಬಾಣಂತಿಯರನ್ನೂ ಹುಡುಕಿದಳು. ಇಬ್ಬರ ಮನೆಯಲ್ಲೂ ಅಗ್ಗಿಷ್ಟಿಗಿ ಇತ್ತು. ಅವರನ್ನು ಉಳಿಸಿದ್ದು ಯಾವ ಮದ್ದೂ ಅಲ್ಲ, ವಾರ್ಡಿನ ತಂಪು. ಔಷಧವನ್ನು ಪರೀಕ್ಷಿಸುವ ಕೋಣೆ ಒಂದು, ಅದನ್ನು ಬಳಸುವ ಕೋಣೆ ಇನ್ನೊಂದು. ಎರಡರ ನಡುವೆ ಒಂದು ಸಣ್ಣ ಸುಳ್ಳು, ಬೈಸಿಕೊಳ್ಳುವ ಹೆದರಿಕೆಯಿಂದ ಹೆಂಗಸರು ಹೇಳುವ ಸುಳ್ಳು. ಅದು ನಿನ್ನೆ ಮೊನ್ನೆಯದಲ್ಲ. ಯಾವ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತರೂ ಇವತ್ತೂ ಕೇಳಿಸುತ್ತದೆ: ಡಾಕ್ಟರ ಮುಂದ ಇದೆಲ್ಲ ಹೇಳಬ್ಯಾಡ. ಯಾಕೆ ಹೇಳಬಾರದು ಎಂದು ಒಳಗೆ ಕೂತವರು ಎದ್ದು ಬಂದು ಕೇಳುವುದಿಲ್ಲ.

ಚರ್ಮ ಕಾದರೆ ತಾನೇ ಬಾಯಿ ಮುಚ್ಚಿಕೊಳ್ಳುವ ಹೊಸ ಪಟ್ಟಿ ಸಿದ್ಧವಾಯಿತು. ಅದು ಎಷ್ಟೋ ಕೂಸುಗಳನ್ನು ಉಳಿಸಿತು, ತಾಯಂದಿರನ್ನೂ.

ಕೂಸು ಹುಬ್ಬಳ್ಳಿಯಲ್ಲೇ ಬೆಳೆಯಿತು. ಹೆಸರು ಚಿಲುಮೆ, ಇಂಚರಾಳೇ ಗೊತ್ತು ಮಾಡಿಟ್ಟಿದ್ದ ಹೆಸರು. ಮನೆಗಳನ್ನು ಸುತ್ತುತ್ತಿದ್ದ ದಿನಗಳಲ್ಲಿ ಒಮ್ಮೆ ತೇಜಸ್ವಿನಿ ಮೊಮ್ಮಗಳನ್ನು ನೋಡಲು ಹೋದಾಗ ಬಚ್ಚಲಲ್ಲಿ ಕೂಸು ಅಳುತ್ತಿತ್ತು. ಸುವರ್ಣಾ ಅದಕ್ಕೆ ತಣ್ಣೀರು ಎರೆಯುತ್ತಿದ್ದರು. ಬಿಸಿನೀರು ಮುಟ್ಟಲು ಕೈ ಏಳುವುದಿಲ್ಲವಂತೆ. ಮನೆಯಲ್ಲಿ ಚಹಾ ಮಾಡುವುದನ್ನೂ ಸೊಸೆ ಹೋದ ದಿನದಿಂದ ಬಿಟ್ಟಿದ್ದರು. ಆ ಚುರುಕು ಮಾತು ಎಲ್ಲೋ ಹೋಗಿತ್ತು.

“ಒಂದು ಮಾತು ಖರೇ ಹೇಳ್ರಿ ಬೀಗರ,” ಅಂದರು, ತಲೆಯೆತ್ತದೆ. “ನಾ ಕೊಂದೆನ ಆಕಿನ್ನ?”

ತೇಜಸ್ವಿನಿ ಸೀರೆಯ ನೆರಿಗೆ ಎತ್ತಿ ಕಟ್ಟಿ, ಬಚ್ಚಲ ಮಣೆಯ ಮೇಲೆ ಅವರ ಪಕ್ಕದಲ್ಲೇ ಕುಳಿತಳು.

“ನನ್ನವ್ವ ನನ್ನನ್ನೂ ಹಿಂಗ ಕಾಸಿದ್ಲು,” ಅಂದಳು. “ನೀವು ಮಾಡಿದ್ದು ಬಾಣಂತನ. ಆ ಪಟ್ಟಿ ನಂದು. ಆ ಕ್ವಾಣಿಯೊಳಗ ನಾ ಒಂದಿನ ಕುಂತಿದ್ರ ಆ ವಾಸನಿ ನನಗ ತಿಳೀತಿತ್ತು. ಕುಂದರಲಿಲ್ಲ.”

ಸುವರ್ಣಾ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಕೂಸನ್ನು ಎತ್ತಿ ತೇಜಸ್ವಿನಿಯ ಕೈಗೆ ಕೊಟ್ಟರು. ತೇಜಸ್ವಿನಿ ಬಿಸಿನೀರಿನ ನಲ್ಲಿ ತಿರುಗಿಸಿ, ತಣ್ಣೀರು ಬೆರೆಸಿ, ಮೊಣಕೈ ಅದ್ದಿ ಹದ ನೋಡಿದಳು. ಸುವರ್ಣಾ ಅವರ ಮೊಣಕೈಯನ್ನೂ ಹಿಡಿದು ಅದ್ದಿಸಿದಳು. ಕಾಲು ಚಾಚಿ ಕೂಸನ್ನು ಮೇಲೆ ಮಲಗಿಸಿಕೊಂಡು, ಅವ್ವ ಎರೆಯುತ್ತಿದ್ದ ಹಾಗೆ ಬೆನ್ನಿನ ಮೇಲೆ ಮೆಲ್ಲಗೆ ಎರೆದಳು. ಕೂಸು ಅಳು ನಿಲ್ಲಿಸಿತು. ಅವಳ ಫೋನು ಹೊರಗೆ ಎರಡು ಸಲ ಸದ್ದು ಮಾಡಿ ಸುಮ್ಮನಾಯಿತು. ಅವಳು ಎತ್ತಲಿಲ್ಲ.

ಇಂಚರಾಳ ಬಾಣಂತನ ತಾನೇ ಮಾಡುತ್ತೇನೆಂದು ಮಾತು ಕೊಟ್ಟಿದ್ದಳು. ಮಾಡಲಿಲ್ಲ.